ಹಳೆಯ ಬೀಟಲ್ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕ್ ಜೋಡಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಎಂಜಿನ್ ಹಿಂಭಾಗದಲ್ಲಿದೆ, ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿ ಬಾನೆಟ್‌ನ ಅಡಿಯಲ್ಲಿ, ಡ್ಯಾಶ್‌ಬೋರ್ಡಿನ ಬೆನ್ನಿಗೇ ಇದೆ. ಇವೆರಡರ ನಡುವೆ ಕಾರಿನ ನಟ್ಟನಡುವಿನ ಸುರಂಗದೊಳಗೆ ಒಂದು ಸಣ್ಣ ಉಕ್ಕಿನ ಕೊಳವೆ ಹಾದುಹೋಗುತ್ತದೆ. ಅದರ ಎರಡೂ ತುದಿಗಳಲ್ಲಿ ರಬ್ಬರ್ ಹೋಸ್‌ಗಳಿವೆ. ಟ್ಯಾಂಕ್ ಬದಲಿಸುವ ಕೆಲಸ ಕೈಗೆತ್ತಿಕೊಂಡವರು ಈ ಇಡೀ ಹಾದಿಯನ್ನು ಒಂದೇ ಕೆಲಸವೆಂದು ಭಾವಿಸಬೇಕು ಎಂಬುದು ಈ ಲೇಖನದ ಮುಖ್ಯ ಒತ್ತಾಯ. ಮುಂದೆ ಹೊಳೆಯುವ ಹೊಸ ಟ್ಯಾಂಕ್ ಇಟ್ಟು, ಹಿಂದೆ ಎಂಜಿನ್ನಿನ ಪಕ್ಕದಲ್ಲಿ ಇಪ್ಪತ್ತು ವರ್ಷ ಹಳೆಯ ಬಿರುಕುಬಿಟ್ಟ ಹೋಸ್ ಹಾಗೆಯೇ ಬಿಟ್ಟರೆ ಕಾರು ಮೊದಲಿಗಿಂತ ಸುರಕ್ಷಿತವಾಗುವುದಿಲ್ಲ. ಬೀಟಲ್ ಕಾರುಗಳಿಗೆ ಬೆಂಕಿ ಹತ್ತಿಕೊಳ್ಳುವುದು ಸಾಮಾನ್ಯವಾಗಿ ಈ ಹಿಂದಿನ ತುದಿಯಲ್ಲಿಯೇ.

ಇಲ್ಲಿ ಹೇಳಿರುವ ಕ್ರಮವು ಕಾರ್ಬ್ಯುರೇಟರ್ ಇರುವ, ಸುಮಾರು 40 ಲೀಟರ್ ಟ್ಯಾಂಕಿನ ಸಾಮಾನ್ಯ ಬೀಟಲ್‌ಗೆ ಅನ್ವಯಿಸುತ್ತದೆ. 1302 ಮತ್ತು 1303 ಎಂಬ ಸೂಪರ್ ಬೀಟಲ್ ಮಾದರಿಗಳ ಟ್ಯಾಂಕಿನ ಆಕಾರ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಇಂಜೆಕ್ಷನ್ ವ್ಯವಸ್ಥೆಯಿರುವ ನಂತರದ ಕಾರುಗಳಲ್ಲಿ ಒತ್ತಡ ಹೆಚ್ಚು, ಮರಳಿ ಬರುವ ಕೊಳವೆಯೂ ಇರುತ್ತದೆ. ಅವುಗಳನ್ನು ಇಲ್ಲಿ ಚರ್ಚಿಸಿಲ್ಲ.

ದೋಷ ಟ್ಯಾಂಕಿನದೇ ಎಂದು ಖಚಿತಪಡಿಸಿಕೊಳ್ಳುವುದು

ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದ ಮಾತ್ರಕ್ಕೆ ಟ್ಯಾಂಕ್ ತೂತಾಗಿದೆ ಎಂದು ತೀರ್ಮಾನಿಸಬಾರದು. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಅರ್ಧಕ್ಕೆ ಇಳಿದ ಮೇಲೆ ನಿಂತುಹೋದರೆ, ತುಂಬುವ ಕೊರಳಿನ ಹೋಸ್, ಗಾಳಿ ಆಡುವ ಸಣ್ಣ ಕೊಳವೆ, ಮುಚ್ಚಳದ ಪ್ಯಾಕಿಂಗ್ ಅಥವಾ ಮೇಲ್ಭಾಗದಲ್ಲಿ ಪೆಟ್ರೋಲ್ ಮಟ್ಟವನ್ನು ಅಳೆದು ಗೇಜಿಗೆ ತಿಳಿಸುವ ಟ್ಯಾಂಕ್ ಯೂನಿಟ್‌ನ ಪ್ಯಾಕಿಂಗ್ ಹಾಳಾಗಿರುವ ಸಾಧ್ಯತೆಯೇ ಹೆಚ್ಚು. ಪೆಟ್ರೋಲ್ ಎಷ್ಟೇ ಇದ್ದರೂ ವಾಸನೆ ಬರುತ್ತಿದ್ದರೆ, ಕೆಳಗಿನ ಹೊರಹರಿವಿನ ಸುತ್ತ ಮತ್ತು ಟ್ಯಾಂಕಿನ ತಳದ ಬೆಸುಗೆಯ ಅಂಚಿನಲ್ಲಿ ಒದ್ದೆ ಗುರುತು ಅಥವಾ ಕಂದು ಕಲೆ ಇದೆಯೇ ಎಂದು ಕಾರಿನ ಅಡಿಯಿಂದ ನೋಡಬೇಕು.

ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಿರುವುದಕ್ಕೆ ಬೇರೆಯದೇ ಲಕ್ಷಣಗಳಿವೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಎಂಜಿನ್ ಉಸಿರುಕಟ್ಟಿದಂತೆ ನಿಂತು, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಶುರುವಾದರೆ, ತಳದ ಜಾಲರಿಗೆ ತುಕ್ಕಿನ ಪುಡಿ ಬಂದು ಮುತ್ತಿಕೊಳ್ಳುತ್ತಿದೆ ಎಂದರ್ಥ. ಎಂಜಿನ್ ನಿಂತಾಗ ಪಂಪಿನ ಎಳೆತ ನಿಂತು ಪುಡಿ ಕೆಳಗಿಳಿಯುತ್ತದೆ, ಹಾದಿ ತೆರೆಯುತ್ತದೆ. ಹೊಸ ಫಿಲ್ಟರ್ ಹಾಕಿದ ಕೆಲವೇ ದಿನಗಳಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿದರೆ ಇನ್ನು ಅನುಮಾನವೇ ಬೇಡ.

ಸಣ್ಣ ತೂತಿಗೆ ಎಪಾಕ್ಸಿ ಪುಟ್ಟಿ ಮೆತ್ತುವುದು ಮನೆ ತಲುಪುವ ತನಕದ ಉಪಾಯ, ಅಷ್ಟೇ. ಒಳಗೆ ಲೇಪನ ಸುರಿದು ಟ್ಯಾಂಕ್ ಉಳಿಸಿಕೊಳ್ಳುವ ಪದ್ಧತಿಯೂ ಇದೆ. ತಗಡು ಇನ್ನೂ ಗಟ್ಟಿಯಾಗಿದ್ದು, ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಅದನ್ನು ಪರಿಗಣಿಸಬಹುದು. ಆದರೆ ಹಳೆಯ ಕಾಲದ ಎಷ್ಟೋ ಲೇಪನಗಳು ಎಥನಾಲ್ ತಾಗಿದರೆ ಮೆತ್ತಗಾಗಿ ಹಾಳೆಹಾಳೆಯಾಗಿ ಕಿತ್ತುಬರುತ್ತವೆ, ಆ ಹಾಳೆಗಳು ಜಾಲರಿಗೆ ಅಂಟಿಕೊಂಡರೆ ತುಕ್ಕಿಗಿಂತ ಹೆಚ್ಚು ಕಾಟ ಕೊಡುತ್ತವೆ. ತಳದಲ್ಲಿ ತೂತು ಬಿದ್ದಿದ್ದರೆ ಬದಲಿಸುವುದೇ ಸರಿ.

ಎಥನಾಲ್ ಮಿಶ್ರಣದ ಕಾಲದಲ್ಲಿ ಈ ಕೆಲಸ

ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ ದೇಶದಲ್ಲಿ ಚಾಲನೆ ದೊರೆತದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿಯೇ. ಈಗ ಸಾಮಾನ್ಯ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. 1960–70ರ ದಶಕದ ಕಾರನ್ನು ರೂಪಿಸಿದವರ ಮನಸ್ಸಿನಲ್ಲಿ ಇಂಥ ಇಂಧನ ಇರಲಿಲ್ಲ. ಟ್ಯಾಂಕಿನ ಮಟ್ಟಿಗೆ ಇದರ ಪರಿಣಾಮ ಮೂರು ಬಗೆಯದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿದು, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಎರಡನೆಯದಾಗಿ, ಅದು ಒಳ್ಳೆಯ ದ್ರಾವಕವಾದ್ದರಿಂದ ದಶಕಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಅರಗಿನಂಥ ಕೊಳೆಯನ್ನು ಬಿಡಿಸಿ ಫಿಲ್ಟರಿನತ್ತ ಕಳುಹಿಸುತ್ತದೆ. ಮೂರನೆಯದು ರಬ್ಬರಿನದು: ಹಳೆಯ ಹೋಸ್‌ಗಳೂ ಪ್ಯಾಕಿಂಗ್‌ಗಳೂ ಊದಿಕೊಳ್ಳುತ್ತವೆ, ಒಣಗಿದಾಗ ಬಿರುಕುಬಿಡುತ್ತವೆ.

ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ ತಿಂಗಳುಗಟ್ಟಲೆ ನಿಂತ ಕಾರಿಗೆ ಈ ಮೂರೂ ಒಟ್ಟಿಗೇ ತಗಲುತ್ತವೆ. ಆದ್ದರಿಂದ ಹೊಸ ಟ್ಯಾಂಕಿನ ಜೊತೆಗೆ ತರುವ ಪ್ರತಿಯೊಂದು ರಬ್ಬರ್ ವಸ್ತುವೂ ಎಥನಾಲ್ ತಡೆದುಕೊಳ್ಳುವಂಥದ್ದೇ ಆಗಿರಬೇಕು.

ಟ್ಯಾಂಕ್ ಆಯ್ಕೆ

ಕೊಳ್ಳುವ ಮೊದಲು ಕಾರಿನ ಮಾದರಿ ವರ್ಷವನ್ನು ತಿಳಿದಿರಬೇಕು. ಫೋಕ್ಸ್‌ವ್ಯಾಗನ್ ಕಂಪನಿಯ ಮಾದರಿ ವರ್ಷ ಹಿಂದಿನ ಆಗಸ್ಟ್‌ನಲ್ಲಿಯೇ ಶುರುವಾಗುತ್ತಿದ್ದುದರಿಂದ ನೋಂದಣಿ ಪತ್ರದಲ್ಲಿರುವ ವರ್ಷವನ್ನಷ್ಟೇ ನಂಬಿದರೆ ದಾರಿ ತಪ್ಪಬಹುದು. 1962ರ ಮಾದರಿಗಿಂತ ಹಿಂದಿನ ಕಾರುಗಳಲ್ಲಿ ಗೇಜ್ ಇರಲಿಲ್ಲ; ಟ್ಯಾಂಕಿನ ಕೆಳಗೆ ರಿಸರ್ವ್ ಪೆಟ್ರೋಲ್ ಬಿಡುವ ಟ್ಯಾಪ್ ಇತ್ತು. 1962ರ ಮಾದರಿಯಿಂದ ಕೇಬಲ್ ಮೂಲಕ ಕೆಲಸ ಮಾಡುವ ಗೇಜ್ ಬಂದಿತು. 1968ರ ಮಾದರಿಯಿಂದ ವಿದ್ಯುತ್ ಗೇಜ್ ಬಂದು ಸ್ಪೀಡೋಮೀಟರಿನೊಳಗೆ ಸೇರಿತು, ಪೆಟ್ರೋಲ್ ತುಂಬುವ ಬಾಯಿಯೂ ಬಾನೆಟ್ ಒಳಗಿನಿಂದ ಹೊರಗೆ, ಬಲಬದಿಯ ಮುಂಭಾಗದ ಚಿಕ್ಕ ಬಾಗಿಲಿಗೆ ಬಂತು. ಈ ಬದಲಾವಣೆಗಳ ನಡುವೆ ಕೊರಳಿನ ಜಾಗ, ಮುಚ್ಚಳದ ಅಳತೆ, ಗಾಳಿ ಕೊಳವೆಗಳ ಸಂಖ್ಯೆ ಎಲ್ಲವೂ ಬದಲಾಗಿವೆ.

ಈಗ ಹೊಸದಾಗಿ ತಯಾರಾಗಿ ಬರುವ ಟ್ಯಾಂಕ್‌ಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಪೆಟ್ಟಿಗೆ ತೆರೆದೊಡನೆ ಹಳೆಯ ಟ್ಯಾಂಕಿನ ಪಕ್ಕದಲ್ಲಿಟ್ಟು, ಸುತ್ತಲಿನ ಅಂಚಿನ ಉದ್ದಗಲ, ಕೊರಳಿನ ಓರೆ, ಹೊರಹರಿವಿನ ಸ್ಥಾನ, ಟ್ಯಾಂಕ್ ಯೂನಿಟ್ ಕೂರುವ ಐದು ಸ್ಕ್ರೂಗಳ ತೂತು ಇವುಗಳನ್ನು ಟೇಪ್ ಹಿಡಿದು ಅಳೆಯಬೇಕು. ಆ ಐದು ತೂತುಗಳು ಸಮಾನ ಅಂತರದಲ್ಲಿರುವುದಿಲ್ಲ, ಯೂನಿಟ್ ಒಂದೇ ದಿಕ್ಕಿನಲ್ಲಿ ಕೂರಲಿ ಎಂದು ಹಾಗೆ ಮಾಡಿದ್ದಾರೆ. ನಕಲಿನಲ್ಲಿ ಇದು ಎರಡು ಮಿಲಿಮೀಟರ್ ತಪ್ಪಿದ್ದರೂ ಸ್ಕ್ರೂ ಅಡ್ಡಹಿಡಿಯುತ್ತದೆ. ತುಕ್ಕಿಲ್ಲದ ಹಳೆಯ ಮೂಲ ಟ್ಯಾಂಕ್ ಸಿಕ್ಕಿದರೆ, ತಗಡಿನ ದಪ್ಪ ಮತ್ತು ಕೂರುವ ಅಚ್ಚುಕಟ್ಟಿನ ದೃಷ್ಟಿಯಿಂದ ಅದಕ್ಕೇ ಆದ್ಯತೆ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಹೊಸ ಟ್ಯಾಂಕಿನೊಳಗೆ ಸಾಗಣೆಗಾಗಿ ಸವರಿದ ಎಣ್ಣೆ, ಕೊರೆದಾಗ ಬಿದ್ದ ಲೋಹದ ಚೂರು ಇದ್ದೇ ಇರುತ್ತವೆ. ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಒಳಗೆ ಇಳಿಬಿಟ್ಟು ಚೂರುಗಳನ್ನು ಎತ್ತಿ, ಅನಂತರ ಬಯಲಿನಲ್ಲಿ ಅರ್ಧ ಲೀಟರ್ ಪೆಟ್ರೋಲ್ ಹಾಕಿ ಅಲುಗಾಡಿಸಿ ಸುರಿದುಬಿಡಬೇಕು. ಸೋರಿಕೆ ಪರೀಕ್ಷೆಯನ್ನು ಇದಕ್ಕೂ ಮೊದಲೇ, ಟ್ಯಾಂಕಿಗೆ ಪೆಟ್ರೋಲ್ ಸೋಕುವ ಮುನ್ನ ಮಾಡಿ ಮುಗಿಸುವುದು ಒಳ್ಳೆಯದು: ತೂತುಗಳಿಗೆಲ್ಲ ಬಿರಡೆ ಹಾಕಿ, ಸೈಕಲ್ ಪಂಪಿನಿಂದ ಒಂದೆರಡು ಒತ್ತು ಗಾಳಿ ಕೊಟ್ಟು, ಬೆಸುಗೆಗಳ ಮೇಲೆ ಸೋಪಿನ ನೀರು ಬಳಿದರೆ ಗುಳ್ಳೆ ಎದ್ದಲ್ಲಿ ದೋಷ ಕಾಣುತ್ತದೆ. ಒತ್ತಡ 0.1 ಬಾರ್ ಮೀರಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದರೆ ಚಪ್ಪಟೆ ತಗಡು ಉಬ್ಬಿ ಟ್ಯಾಂಕ್ ಶಾಶ್ವತವಾಗಿ ಆಕಾರ ಕೆಡುತ್ತದೆ. ಹೊರಮೈಗೆ, ಅದರಲ್ಲೂ ರಸ್ತೆಯ ನೀರು ಮತ್ತು ಕಲ್ಲು ಸಿಡಿಯುವ ತಳಕ್ಕೆ, ಎಪಾಕ್ಸಿ ಪ್ರೈಮರ್ ಮತ್ತು ಕಪ್ಪು ಬಣ್ಣ ಎರಡು ಕೈ ಹೊಡೆದು ಪೂರ್ತಿ ಒಣಗಲು ಬಿಡಬೇಕು. ಟ್ಯಾಂಕ್ ಯೂನಿಟ್ ಕೂರುವ ಜಾಗಕ್ಕೆ ಬಣ್ಣ ತಾಗಿಸಬಾರದು. ಕಾರಣ ಮುಂದೆ ಬರುತ್ತದೆ.

ಬೇಕಾಗುವ ಸಾಮಗ್ರಿ

ಟ್ಯಾಂಕಿನ ಅಂಚಿನಡಿ ಅಂಟಿಸುವ ಪಟ್ಟಿ, ಯೂನಿಟ್‌ನ ಪ್ಯಾಕಿಂಗ್, ತಳದ ಜಾಲರಿ ಮತ್ತು ಅದರ ವಾಷರ್, ಕೊರಳಿನ ಹೋಸ್, ಗಾಳಿ ಕೊಳವೆಯ ಹೋಸ್, ಫಿಲ್ಟರ್, ಮುಚ್ಚಳದ ಪ್ಯಾಕಿಂಗ್ ಇವೆಲ್ಲ ಕೆಲಸ ಶುರುಮಾಡುವ ಮೊದಲೇ ಕೈಯಲ್ಲಿರಬೇಕು. ಇಂಧನದ ಹೋಸ್ ಎರಡು ಮೀಟರ್ ಇದ್ದರೆ ಮುಂದಿನ ಮತ್ತು ಹಿಂದಿನ ತುದಿಗಳೆರಡಕ್ಕೂ ಸಾಲುತ್ತದೆ. ಬೀಟಲ್‌ಗೆ ಸಾಮಾನ್ಯವಾಗಿ ಒಳವ್ಯಾಸ 5.5 ಮಿ.ಮೀ. ಇರುವ ಹೋಸ್ ಹೊಂದುತ್ತದೆ. ಅಂಗಡಿಯವರು ‘ಇದೂ ನಡೆಯುತ್ತೆ ಸಾರ್’ ಎಂದು ಕೊಡುವ ಸಡಿಲ ಹೋಸನ್ನು ಕ್ಲಿಪ್ ಬಿಗಿದು ಸರಿಪಡಿಸಲು ಹೋಗಬಾರದು. ಹೋಸಿನ ಮೈಮೇಲೆ ಎಸ್‌ಎಇ ಜೆ30ಆರ್9 ಎಂಬ ಅಚ್ಚು ಇದ್ದರೆ ಅದರ ಒಳಪದರ ಎಥನಾಲ್ ತಡೆಯುವ ಫ್ಲೋರೋಎಲಾಸ್ಟೋಮರ್‌ನದು. ನಕಲಿ ಅಚ್ಚಿನ ಹೋಸ್‌ಗಳೂ ಮಾರುಕಟ್ಟೆಯಲ್ಲಿರುವುದರಿಂದ ಬೆಲೆ ನೋಡಿ ಅಲ್ಲ, ಮಾರುವವರನ್ನು ನೋಡಿ ಕೊಳ್ಳಬೇಕು. ಕ್ಲಿಪ್‌ಗಳು ಸುತ್ತಲೂ ಸಮನಾಗಿ ಒತ್ತುವ, ಒಳಮೈ ನುಣುಪಾದ ಬಗೆಯವಾಗಿರಲಿ. ಗರಗಸದ ಹಲ್ಲಿನಂತೆ ಸೀಳಿರುವ ಅಗ್ಗದ ಕ್ಲಿಪ್‌ಗಳು ಸಣ್ಣ ಹೋಸನ್ನು ಕಚ್ಚಿ ಹರಿಯುತ್ತವೆ.

ಜಾಗ ಮತ್ತು ಎಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆಯಲ್ಲೂ ಪೆಟ್ರೋಲ್ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್, ಗ್ಯಾರೇಜಿನ ಗುಂಡಿ, ಗೀಸರ್ ಅಥವಾ ಇನ್ವರ್ಟರ್ ಇರುವ ಕಾರ್‌ಶೆಡ್ ಇವು ಯಾವುವೂ ಈ ಕೆಲಸಕ್ಕೆ ಯೋಗ್ಯವಲ್ಲ. ನೆರಳಿರುವ ಬಯಲು ಜಾಗ, ಬೆಳಗಿನ ತಂಪು ಹೊತ್ತು ಇದ್ದರೆ ಚೆನ್ನ. ಒಣಪುಡಿಯ ಅಗ್ನಿಶಾಮಕ ಕೈಗೆಟಕುವಲ್ಲಿರಬೇಕು. ಕೆಲಸ ಮುಗಿಯುವವರೆಗೆ ಬೀಡಿ ಸಿಗರೇಟು, ಗ್ರೈಂಡರ್, ಬಲ್ಬಿನ ಲ್ಯಾಂಪ್ ಯಾವುದೂ ಹತ್ತಿರ ಬರಬಾರದು.

ಕೆಲಸದ ಹಿಂದಿನ ವಾರ ಕಾರನ್ನು ಓಡಿಸಿ ಪೆಟ್ರೋಲನ್ನು ಐದು ಲೀಟರಿನ ಆಸುಪಾಸಿಗೆ ಇಳಿಸಿಟ್ಟುಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲಿನ ತೂಕವೇ 30 ಕಿಲೋ. ಅದಲ್ಲದೆ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ವಿಧಿಸಿರುವ ಮಿತಿ 30 ಲೀಟರ್. ಅಷ್ಟು ಪೆಟ್ರೋಲನ್ನು ಮನೆಯಲ್ಲಿ ಡಬ್ಬಗಳಲ್ಲಿ ಇಟ್ಟುಕೊಳ್ಳುವುದು ಕಾನೂನಿನ ಮಾತು ಬಿಟ್ಟರೂ ಜಾಣತನವಲ್ಲ.

ಟ್ಯಾಂಕ್ ಖಾಲಿಮಾಡಿ ಕಳಚುವುದು

ಮೊದಲು ಹಿಂದಿನ ಸೀಟಿನಡಿಯ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಪೆಟ್ರೋಲ್ ಹೊರತೆಗೆದ ಮೇಲೆ ಬ್ಯಾಟರಿ ಕಳಚುವುದು ತಪ್ಪು ಕ್ರಮ, ತಂತಿ ಬಿಡಿಸುವಾಗ ಹಾರುವ ಒಂದು ಕಿಡಿ ಸಾಕು. ಅನಂತರ ಬಾನೆಟ್ ಎತ್ತಿ, ಸ್ಟೆಪ್ನಿ ಹೊರತೆಗೆದು, ಟ್ಯಾಂಕಿನ ಮೇಲಿನ ರಟ್ಟಿನ ಹೊದಿಕೆಯನ್ನು ಹರಿಯದಂತೆ ಎತ್ತಿಡಬೇಕು.

ಪೆಟ್ರೋಲನ್ನು ಕೈಪಂಪಿನಿಂದ ಮೇಲಿನ ಬಾಯಿಯ ಮೂಲಕವೇ ತೆಗೆಯುವುದು ಸುಲಭ. ಬಾಯಿಯಿಂದ ಎಳೆಯುವ ಪದ್ಧತಿ ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಪೆಟ್ರೋಲ್ ಆಸ್ಪತ್ರೆ ಸೇರಿಸುತ್ತದೆ. ಲೋಹದ ಡಬ್ಬವನ್ನು ನೆಲದ ಮೇಲಿಟ್ಟು, ಅದರಿಂದ ಕಾರಿನ ಬಣ್ಣವಿಲ್ಲದ ಲೋಹಭಾಗಕ್ಕೆ ಒಂದು ತಂತಿಯನ್ನು ಮೊದಲೇ ಕಟ್ಟಿಕೊಂಡರೆ, ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರ ವಿದ್ಯುತ್ ಕಿಡಿಯಾಗುವುದಿಲ್ಲ. ಪಂಪಿಗೆ ಸಿಗದೆ ತಳದಲ್ಲಿ ಉಳಿದದ್ದನ್ನು ಕೆಳಗಿನ ಹೋಸ್ ಬಿಚ್ಚಿದಾಗ ಹಿಡಿದುಕೊಳ್ಳಬಹುದು.

ಈಗ ಟ್ಯಾಂಕ್ ಯೂನಿಟ್‌ನ ಮೇಲಿನ ತಂತಿಯನ್ನೋ ಕೇಬಲ್ಲನ್ನೋ ಬಿಡಿಸಬೇಕು. ಕೇಬಲ್ ಮಾದರಿಯಾದರೆ ಅದು ಎಲ್ಲಿಯೂ ಮಡಿಚಿಕೊಳ್ಳದಂತೆ ಪಕ್ಕಕ್ಕೆ ಕಟ್ಟಿಡಬೇಕು. 1968ರ ನಂತರದ ಮಾದರಿಯಲ್ಲಿ ಕೊರಳಿನ ದಪ್ಪ ಹೋಸ್ ಮತ್ತು ಗಾಳಿ ಕೊಳವೆಗಳು ಬೇರೆಯಾಗಿಯೇ ಇರುತ್ತವೆ. ಬಿಚ್ಚುವ ಮುನ್ನ ಯಾವುದು ಎಲ್ಲಿಗೆ ಹೋಗುತ್ತಿತ್ತು ಎಂಬುದರ ಫೋಟೋ ತೆಗೆದುಕೊಳ್ಳುವುದು ಒಳಿತು. ಫೋನಿನ ಕೆಲಸವನ್ನು ಪೆಟ್ರೋಲ್ ಹೊರಬರುವ ಮೊದಲೇ ಮುಗಿಸಿ ದೂರ ಇಟ್ಟುಬಿಡಬೇಕು.

ಕಾರಿನ ಮುಂಭಾಗವನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟ ಮೇಲೆಯೇ ಕೆಳಗೆ ಹೋಗಬೇಕು. ಟ್ಯಾಂಕಿನ ತಳದಿಂದ ಸುರಂಗದ ಕೊಳವೆಗೆ ಹೋಗುವ ಹೋಸನ್ನು ಹಿಚುಕಿ ಹಿಡಿದು ಕ್ಲಿಪ್ ಸಡಿಲಿಸಿ ಎಳೆಯಬೇಕು. ಕೈ ತೋಳಿನ ಉದ್ದಕ್ಕೂ ಪೆಟ್ರೋಲ್ ಇಳಿಯುವ ಸಂಭವವಿರುವುದರಿಂದ ನೈಟ್ರೈಲ್ ಕೈಗವಸು ಮತ್ತು ಕನ್ನಡಕ ಕಡ್ಡಾಯ. ಹೋಸ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಜಗ್ಗಾಡುವ ಬದಲು ಬ್ಲೇಡಿನಿಂದ ಉದ್ದಕ್ಕೆ ಸೀಳುವುದು ಉತ್ತಮ; ಹೇಗಿದ್ದರೂ ಅದು ಕಸಕ್ಕೆ ಹೋಗುವ ವಸ್ತು, ಆದರೆ ಅದರೊಳಗಿನ ಉಕ್ಕಿನ ಕೊಳವೆ ಬಾಗಿದರೆ ಅಥವಾ ಅದಕ್ಕೆ ಗೀರು ಬಿದ್ದರೆ ಬದಲಿಸುವುದು ಬಹಳ ಕಷ್ಟ.

ಟ್ಯಾಂಕನ್ನು ಹಿಡಿದಿರುವುದು ನಾಲ್ಕು ಮೂಲೆಗಳ ನಾಲ್ಕು ಬೋಲ್ಟುಗಳು ಮತ್ತು ಅವುಗಳಡಿಯ ಒತ್ತುಪಟ್ಟಿಗಳು ಮಾತ್ರ. 13ರ ಸ್ಪ್ಯಾನರಿಗೆ ಇವು ಬರುತ್ತವೆ. ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಸಲೀಸು. ಬಿಗಿಯಾಗಿದ್ದರೆ ಬ್ಲೋಲ್ಯಾಂಪ್ ಹಿಡಿಯುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಇಲ್ಲಿ ಅದು ಪ್ರಾಣಕ್ಕೆ ಅಪಾಯ. ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಹಾಕಿ, ತಾಳ್ಮೆಯಿಂದ ಬಿಚ್ಚಬೇಕು. ಬೋಲ್ಟ್ ತುಂಡಾದರೂ ಟ್ಯಾಂಕ್ ಹೊರಗೆ ಹೋದ ಮೇಲೆ ಅದನ್ನು ಕೊರೆದು ತೆಗೆಯಬಹುದು. ಹಳೆಯ ಪಟ್ಟಿ ಅಂಟಿನಂತೆ ಹಿಡಿದಿದ್ದರೆ ಮರದ ತುಂಡಿನಿಂದ ಮೆಲ್ಲಗೆ ಮೀಟಿ, ಇಬ್ಬರು ಹಿಡಿದು ನೇರವಾಗಿ ಮೇಲಕ್ಕೆ ಎತ್ತಿದರೆ ಟ್ಯಾಂಕ್ ಹೊರಬರುತ್ತದೆ.

ಟ್ಯಾಂಕ್ ಇಲ್ಲದ ಆ ಹೊತ್ತು

ಈಗ ತೆರೆದುಕೊಂಡಿರುವ ಜಾಗ ಮತ್ತೆ ಹತ್ತು ವರ್ಷ ಕಣ್ಣಿಗೆ ಬೀಳುವುದಿಲ್ಲ. ಸ್ಟಿಯರಿಂಗ್ ಬಾಕ್ಸ್, ಅದಕ್ಕೂ ಸ್ಟಿಯರಿಂಗ್ ದಂಡಕ್ಕೂ ನಡುವಿನ ಬಳುಕುವ ಜೋಡಣೆ, ಬ್ರೇಕ್ ಕೊಳವೆಗಳು, ಬ್ರೇಕ್ ಎಣ್ಣೆ ಇಳಿಯುವ ಹೋಸ್ ಎಲ್ಲವೂ ಕೈಗೆಟಕುತ್ತವೆ. ಬಳುಕುವ ಜೋಡಣೆಯ ರಬ್ಬರ್ ಸೀಳಿದ್ದರೆ ಈಗಲೇ ಬದಲಿಸಬೇಕು. ಬ್ರೇಕ್ ಎಣ್ಣೆ ಚೆಲ್ಲಿದಲ್ಲಿ ಬಣ್ಣ ಎದ್ದುಬರುವುದರಿಂದ ಹಳೆಯ ಸೋರಿಕೆಯ ಗುರುತು ತಾನಾಗಿಯೇ ಕಾಣುತ್ತದೆ.

ಟ್ಯಾಂಕ್ ಕೂರುವ ಅಂಚಿನ ಸುತ್ತ ಹಳೆಯ ಪಟ್ಟಿ ನೀರು ಹಿಡಿದುಕೊಂಡಿದ್ದ ಜಾಗದಲ್ಲಿ ತುಕ್ಕು ಇರುವುದು ಸಹಜ. ಅದನ್ನು ಎಮರಿ ಕಾಗದದಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ತುಕ್ಕುನಿವಾರಕ ಹಚ್ಚಿ, ತೊಳೆದು ಒಣಗಿಸಿ, ಪ್ರೈಮರ್ ಮತ್ತು ಬಣ್ಣ ಹೊಡೆಯಬೇಕು. ಇಲ್ಲಿ ವೆಲ್ಡಿಂಗ್ ಬೇಕಾದಷ್ಟು ತಗಡು ಹೋಗಿದ್ದರೆ, ಕೊಳವೆಯಲ್ಲಿ ಉಳಿದ ಪೆಟ್ರೋಲ್ ಪೂರ್ತಿ ಬರಿದಾಗಿದೆಯೆಂದು ಖಾತರಿಯಾಗುವ ತನಕ ಆ ಕೆಲಸ ಮುಂದೂಡಬೇಕು.

ಸುರಂಗದ ಕೊಳವೆಯ ಎರಡೂ ತುದಿ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ಗಾಳಿ ಊದಿ, ಬರುವ ಕೊಳೆಯನ್ನು ಬಿಳಿಯ ಬಟ್ಟೆಯಲ್ಲಿ ಹಿಡಿದು ನೋಡಬೇಕು. ಕೊಳವೆಯ ತುದಿಗಳಲ್ಲಿ ಆಳವಾದ ತುಕ್ಕಿನ ಗುಳಿಗಳಿದ್ದರೆ ಅಲ್ಲಿ ಹೋಸ್ ಎಷ್ಟು ಬಿಗಿದರೂ ಒಸರುತ್ತದೆ. ಸಣ್ಣಗೆ ಉಜ್ಜಿ ನುಣುಪು ಮಾಡಬೇಕು.

ಟ್ಯಾಂಕ್ ಯೂನಿಟ್ ಪರೀಕ್ಷೆ

ವಿದ್ಯುತ್ ಗೇಜ್ ಇರುವ ಕಾರಿನಲ್ಲಿ ಯೂನಿಟ್ಟನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರಿನಿಂದ ಅಳೆಯುವುದು ಐದು ನಿಮಿಷದ ಕೆಲಸ. ಪೆಟ್ರೋಲಿನ ಮೇಲೆ ತೇಲುವ ಬುರುಡೆ (ಫ್ಲೋಟ್) ಕೆಳಗಿದ್ದಾಗ ಸುಮಾರು 73 ಓಮ್, ಮೇಲಿದ್ದಾಗ ಸುಮಾರು 10 ಓಮ್ ತೋರಿಸಬೇಕು, ನಡುವೆ ಎಲ್ಲಿಯೂ ಓದು ಜಿಗಿಯಬಾರದು. ಬುರುಡೆಯನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ದ್ರವದ ಸದ್ದು ಬಂದರೆ ಅದು ತೂತಾಗಿದೆ, ಗೇಜ್ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ. ಬೇರೆ ಕಾರಿಗಾಗಿ ಮಾಡಿದ, ಬೇರೆ ಓಮ್ ಲೆಕ್ಕದ ಯೂನಿಟ್ ತೂತುಗಳಿಗೆ ಕೂತರೂ ಗೇಜಿನೊಂದಿಗೆ ಹೊಂದುವುದಿಲ್ಲ.

ಯೂನಿಟ್‌ನ ಅರ್ಥ್ ಸಿಗುವುದು ಅದರ ಲೋಹದ ತಟ್ಟೆ, ಸ್ಕ್ರೂಗಳು ಮತ್ತು ಟ್ಯಾಂಕಿನ ಮೈ ಮೂಲಕ. ಹೊಸ ಟ್ಯಾಂಕಿನ ದಪ್ಪ ಬಣ್ಣ, ಹೊಸ ಪಟ್ಟಿ ಎರಡೂ ಸೇರಿ ಈ ಸಂಪರ್ಕ ಕಡಿದುಹೋಗಿ, ಎಲ್ಲವೂ ಹೊಸದಾಗಿದ್ದರೂ ಗೇಜ್ ಸತ್ತಂತೆ ಬಿದ್ದಿರುತ್ತದೆ. ಕೂರುವ ಜಾಗಕ್ಕೆ ಬಣ್ಣ ಬೇಡವೆಂದದ್ದು ಇದಕ್ಕೇ. ಒಂದು ಸ್ಕ್ರೂವಿನಡಿಯಿಂದ ಕಾರಿನ ಮೈಗೆ ಪ್ರತ್ಯೇಕ ಕಂದು ತಂತಿ ಎಳೆದರೆ ಈ ತೊಂದರೆ ಎಂದಿಗೂ ಇಲ್ಲ.

ಹೊಸ ಟ್ಯಾಂಕ್ ಕೂರಿಸುವುದು

ಜಾಲರಿ ಮತ್ತು ಹೊರಹರಿವಿನ ಜೋಡಣೆಯನ್ನು ಟ್ಯಾಂಕ್ ನೆಲದ ಮೇಲಿರುವಾಗಲೇ ಹೊಸ ವಾಷರಿನೊಂದಿಗೆ ಬಿಗಿದು ಮುಗಿಸಬೇಕು. ಹೊಸ ಹೋಸಿನ ಮೇಲಿನ ತುದಿಯನ್ನೂ ಈಗಲೇ ಹಾಕಿ ಕ್ಲಿಪ್ ಕೊಟ್ಟರೆ ಕಾರಿನಡಿಯ ತಡಕಾಟ ಒಂದು ತುದಿಗಷ್ಟೇ ಸೀಮಿತವಾಗುತ್ತದೆ. ಕಾರಿನ ಅಂಚಿನ ಮೇಲೆ ಪಟ್ಟಿಯನ್ನು ಎಲ್ಲಿಯೂ ಸಂದಿಲ್ಲದಂತೆ ಅಂಟಿಸಬೇಕು. ಆ ಪಟ್ಟಿ ಬರಿಯ ಮೆತ್ತೆಯಲ್ಲ: ರಸ್ತೆಯ ನೀರು ಮೇಲೆ ಬಾರದಂತೆ ತಡೆಯುವುದೂ, ಕೆಳಗೆಲ್ಲೋ ಒಸರಿದ ಪೆಟ್ರೋಲಿನ ವಾಸನೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಾರಿನೊಳಗೆ ನುಗ್ಗದಂತೆ ತಡೆಯುವುದೂ, ತಗಡಿಗೆ ತಗಡು ಉಜ್ಜಿ ತೂತಾಗದಂತೆ ಕಾಯುವುದೂ ಅದೇ.

ಇಬ್ಬರು ಸೇರಿ ಟ್ಯಾಂಕನ್ನು ನೇರವಾಗಿ ಇಳಿಸಿ, ನಾಲ್ಕೂ ಬೋಲ್ಟುಗಳನ್ನು ಬೆರಳಿನಿಂದಷ್ಟೇ ತಿರುಗಿಸಿ ಬಿಡಬೇಕು. ಈ ಹಂತದಲ್ಲಿ ಅವಸರ ಬೇಡ. ಹೊರಬಾಯಿ ಇರುವ ಮಾದರಿಯಲ್ಲಿ ಕೊರಳಿನ ಹೋಸ್ ಹಾಕಿ, ಮುಚ್ಚಳ ತಿರುಗಿಸಿ, ಚಿಕ್ಕ ಬಾಗಿಲು ಮುಚ್ಚಿ ನೋಡಬೇಕು. ಹೋಸ್ ತಿರುಚಿಕೊಂಡಿದ್ದರೆ ಟ್ಯಾಂಕನ್ನು ಕೆಲವು ಮಿಲಿಮೀಟರ್ ಆಚೀಚೆ ಸರಿಸಿ ಹೊಂದಿಸಬಹುದು. ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಅದರ ಒಳಗಿನ ಬೆನ್ನೆಲುಬು ಟ್ಯಾಂಕಿನ ಮುಚ್ಚಳಕ್ಕೆ ತಾಗುವುದಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ, ಪಟ್ಟಿ ಸ್ವಲ್ಪ ಅಮುಕುವಷ್ಟು ಮಾತ್ರ ಬಿಗಿಯಬೇಕು. ಬಲ ಹಾಕಿ ಬಿಗಿದರೆ ಅಂಚು ಮಡಿಚಿಕೊಂಡು ಬೆಸುಗೆಗೆ ಎಳೆತ ಬೀಳುತ್ತದೆ.

ಕಾರಿನಡಿ ಹೋಸಿನ ಕೆಳತುದಿಯನ್ನು ಸೇರಿಸುವಾಗ ಫಿಲ್ಟರನ್ನೂ ಅಲ್ಲಿಯೇ, ಟ್ಯಾಂಕಿಗೂ ಸುರಂಗದ ಕೊಳವೆಗೂ ನಡುವೆ, ಬಾಣದ ಗುರುತು ಹಿಂದಕ್ಕೆ ಇರುವಂತೆ ಹಾಕುವುದು ನನ್ನ ಸಲಹೆ. ಬಹಳ ಕಾರುಗಳಲ್ಲಿ ಫಿಲ್ಟರ್ ಎಂಜಿನ್ನಿನ ಮೇಲೆ, ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ, ಡಿಸ್ಟ್ರಿಬ್ಯೂಟರಿನ ನೆತ್ತಿಗೆ ಸರಿಯಾಗಿ ತೂಗಾಡುತ್ತಿರುತ್ತದೆ. ಅದರ ಭಾರಕ್ಕೆ, ಎಂಜಿನ್ನಿನ ನಡುಕಕ್ಕೆ ಹೋಸ್ ಕಳಚಿಕೊಂಡರೆ ಪೆಟ್ರೋಲ್ ಬೀಳುವುದು ಕಿಡಿ ಹುಟ್ಟುವ ಜಾಗದ ಮೇಲೆ. ಮುಂದೆ ಇದ್ದರೆ ಕೊಳವೆಯೂ ಸ್ವಚ್ಛವಾಗಿರುತ್ತದೆ.

ಹಿಂದಿನ ತುದಿ

ಸುರಂಗದ ಕೊಳವೆ ಗೇರ್‌ಬಾಕ್ಸಿನ ಬಳಿ ಹೊರಬಂದು, ಅಲ್ಲಿಂದ ಹೋಸ್ ಆಗಿ, ಎಂಜಿನ್ನಿನ ಮುಂದಿನ ತಗಡನ್ನು ಹಾದು ಪಂಪಿಗೆ ಸೇರುತ್ತದೆ. ಟ್ಯಾಂಕ್ ಈ ಜಾಗಕ್ಕಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಹೋಸ್ ಹರಿದರೆ ಎಂಜಿನ್ ನಿಲ್ಲಿಸಿದ ಮೇಲೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ತಗಡಿನ ತೂತಿನಲ್ಲಿ ರಬ್ಬರಿನ ಬಳೆ ಇರಬೇಕು. ಇಲ್ಲದಿದ್ದರೆ ತಗಡಿನ ಅಂಚು ದಿನದಿನವೂ ಕೊಳವೆಯನ್ನೋ ಹೋಸನ್ನೋ ಕುಯ್ಯುತ್ತದೆ. ಈ ಎಲ್ಲ ಹೋಸ್‌ಗಳನ್ನೂ ಅದೇ ದಿನ ಬದಲಿಸಬೇಕು.

ಕಾರ್ಬ್ಯುರೇಟರಿಗೆ ಪೆಟ್ರೋಲ್ ಒಳಹೋಗುವ ಹಿತ್ತಾಳೆಯ ಸಣ್ಣ ಕೊಳವೆಯನ್ನು ಬೆರಳಿನಿಂದ ಹಿಡಿದು ತಿರುಗಿಸಿ ನೋಡಬೇಕು. ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಇದು ಕೇವಲ ಒತ್ತಿ ಕೂರಿಸಿದ್ದು, ವರ್ಷಗಳ ಬಿಸಿ ಮತ್ತು ನಡುಕದಿಂದ ಸಡಿಲವಾಗಿ ಓಡುವಾಗಲೇ ಕಳಚಿಬೀಳಬಲ್ಲದು. ಅಲುಗಿದರೆ ಮೇಲ್ಮುಚ್ಚಳ ತೆಗೆದು, ಒಳ್ಳೆಯ ಕಾರ್ಬ್ಯುರೇಟರ್ ಮೆಕ್ಯಾನಿಕ್ ಕೈಯಲ್ಲಿ ಸರಿಯಾಗಿ ಕೂರಿಸದೆ ಕಾರನ್ನು ರಸ್ತೆಗೆ ಇಳಿಸಬಾರದು. ಪಂಪಿನ ಕೊಳವೆಗಳಿಗೂ ಇದೇ ಪರೀಕ್ಷೆ.

ಮೊದಲ ಪೆಟ್ರೋಲ್

ಐದು ಲೀಟರ್ ಹಾಕಿ ಅರ್ಧ ಗಂಟೆ ಬಿಡಬೇಕು. ಪ್ರತಿ ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಿಂದ ಒರೆಸಿ, ಒದ್ದೆ ಇಲ್ಲವೆಂದು ಕಂಡ ಮೇಲೆಯೇ ಬ್ಯಾಟರಿಯ ತಂತಿ ಸೇರಿಸಬೇಕು. ಖಾಲಿಯಾದ ಉದ್ದ ಕೊಳವೆಯನ್ನು ತುಂಬಲು ಎಂಜಿನ್ನಿನ ಯಾಂತ್ರಿಕ ಪಂಪಿಗೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಹತ್ತು ಸೆಕೆಂಡು ಸ್ಟಾರ್ಟರ್ ಹೊಡೆದು, ಅರ್ಧ ನಿಮಿಷ ಬಿಟ್ಟು, ಹೀಗೆ ಮುಂದುವರಿಯಬೇಕು. ಒಬ್ಬರು ಹಿಂದೆ ಅಗ್ನಿಶಾಮಕ ಹಿಡಿದು ಹೋಸ್‌ಗಳನ್ನು ನೋಡುತ್ತಿರಲಿ. ಎಂಜಿನ್ ಓಡತೊಡಗಿ ಪಂಪಿನ ಒತ್ತಡ ಬಂದ ಮೇಲೆ ಹಿಂದಿನ ಜೋಡಣೆಗಳನ್ನು ಮತ್ತೆ ಬಟ್ಟೆಯಿಂದ ಒರೆಸಿ ನೋಡಬೇಕು.

ಎರಡನೆಯ ಪರೀಕ್ಷೆ ತುಂಬಿದ ಟ್ಯಾಂಕಿನದು. ಬಂಕಿನಲ್ಲಿ ಪೂರ್ತಿ ತುಂಬಿಸಿ, ಸ್ವಲ್ಪ ದೂರ ಓಡಿಸಿ, ಮೂತಿ ಇಳಿಜಾರಿಗಿರುವಂತೆ ಒಮ್ಮೆ, ಏರಿಗಿರುವಂತೆ ಒಮ್ಮೆ ನಿಲ್ಲಿಸಿ ಯೂನಿಟ್‌ನ ಪ್ಯಾಕಿಂಗ್ ಮತ್ತು ಕೊರಳಿನ ಹೋಸನ್ನು ನೋಡಬೇಕು. ಸ್ವಲ್ಪ ದೂರ ಓಡಿ ಎಂಜಿನ್ ಸೊರಗಿದರೆ, ಮುಚ್ಚಳ ಬಿಚ್ಚಿದಾಗ ಗಾಳಿ ‘ಸುಯ್’ ಎಂದು ಒಳನುಗ್ಗಿದರೆ, ಗಾಳಿ ಕೊಳವೆ ಮಡಿಚಿಕೊಂಡಿದೆ ಅಥವಾ ಅದಕ್ಕೆ ಬಿರಡೆ ಹಾಕಿದ್ದು ಹಾಗೆಯೇ ಉಳಿದಿದೆ.

ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಕ್ಲಿಪ್‌ಗಳನ್ನೂ ಮತ್ತೊಮ್ಮೆ ಬಿಗಿದು, ಫಿಲ್ಟರನ್ನು ಬದಲಿಸಬೇಕು. ಇ20ಯಲ್ಲಿ ಎಂಜಿನ್ನಿಗೆ ಮಿಶ್ರಣ ತುಸು ಬಡವಾಗುವುದರಿಂದ ಏರಿನಲ್ಲಿ ತಡವರಿಸುವಿಕೆ ಕಂಡರೆ ಅದು ಟ್ಯಾಂಕಿನ ದೋಷವಲ್ಲ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತನ್ನು, ಅಂದರೆ ಜೆಟ್ಟನ್ನು, ಒಂದು ಅಳತೆ ದೊಡ್ಡದು ಮಾಡಿಸುವ ವಿಷಯ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಬಹುಪಾಲು ತುಂಬಿರಲಿ, ಒಳಗೆ ತೇವದ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಆರು ತಿಂಗಳಿಗೂ ಹೆಚ್ಚು ನಿಲ್ಲುವುದಾದರೆ ಪೂರ್ತಿ ಬರಿದು ಮಾಡಿ ಒಣಗಿಸಿಡುವುದೇ ಮೇಲು.

ಹಳೆಯ ಟ್ಯಾಂಕ್ ಖಾಲಿಯಾಗಿದೆ ಎಂದು ಅದನ್ನು ಮೂಲೆಗೆ ಎಸೆಯಬಾರದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯಕಾರಿ, ಏಕೆಂದರೆ ಅದರೊಳಗೆ ಆವಿಯೂ ಗಾಳಿಯೂ ಸಿಡಿಯುವ ಪ್ರಮಾಣದಲ್ಲಿ ಬೆರೆತಿರಬಹುದು. ಮುಚ್ಚಳ ಮತ್ತು ಯೂನಿಟ್ ತೆಗೆದು ಮಕ್ಕಳ ಕೈಗೆ ಸಿಗದ ಬಯಲಿನಲ್ಲಿ ಕೆಲವು ದಿನ ಬಾಯಿ ತೆರೆದಿಡಬೇಕು. ಗುಜರಿಗೆ ಕೊಡುವಾಗ ಇದು ಪೆಟ್ರೋಲ್ ಟ್ಯಾಂಕ್, ಗ್ಯಾಸ್ ಕಟರ್ ಹಿಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿ, ಅದರ ಮೈಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದೂ ಕೊಡಬೇಕು.